ಪದ ಪರಿಚಯ: ಅಕ್ಷಿಪಟಲ

ಜಯನಗರ, ಜೆ.ಪಿ. ನಗರದ ಕಣ್ಣಾಸ್ಪತ್ರೆಗಳಲ್ಲಿ ಕಿವಿಗೆ ಬೀಳುವುದು ‘ರೆಟಿನಾ’. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಅದೇ ‘ಅಕ್ಷಿಪಟಲ’. ಅಕ್ಷಿ ಎಂದರೆ ಕಣ್ಣು, ಪಟಲ ಎಂದರೆ ಪದರ. ಇದನ್ನು ‘ಪೊರೆ’ ಎಂದು ಸುಲಭ ಮಾಡಹೊರಟರೆ ಕಣ್ಣಿನ ತೊಂದರೆ ಇರುವ ಮಗುವಿನ ಅಪ್ಪ ಅಮ್ಮನಿಗೆ ಗೊಂದಲವೇ ಹೆಚ್ಚು. ಕಣ್ಣಿನ ಪೊರೆ ಅಂದೊಡನೆ ಕನ್ನಡಿಗರಿಗೆ ನೆನಪಾಗುವುದು ಅಜ್ಜ ಅಜ್ಜಿಯರ ಮಸೂರ ಮಸುಕಾಗುವ ತೊಂದರೆ.

ರೆಟಿನಾದ ಬೇರು ಬೇರೆ. ಗ್ರೀಕರು ಈ ಪದರವನ್ನು ಬಲೆಯಂಥದ್ದು ಎಂದು ಕರೆದರು, ಅರಬ್ಬೀ ವೈದ್ಯರು ‘ಶಬಕಿಯ್ಯ’ ಎಂದರು. 12ನೇ ಶತಮಾನದ ಲ್ಯಾಟಿನ್ ಅನುವಾದದಲ್ಲಿ ಅದು ರೆಟಿನಾ ಆಯಿತು. ‘ರೆಟೆ’ ಎಂದರೂ ಬಲೆಯೇ.

ಕೆಲವು ಮಕ್ಕಳಲ್ಲಿ ಈ ಪದರದ ರಕ್ತನಾಳಗಳ ಬಲೆ ಹುಟ್ಟುವಾಗಲೇ ಅಪೂರ್ಣ. 1969ರಲ್ಲಿ ವೈದ್ಯರಾದ ಕ್ರಿಸ್ವಿಕ್ ಮತ್ತು ಸ್ಕೆಪೆನ್ಸ್ ವಿವರಿಸಿದ ‘ಫೆವರ್’ (FEVR) ಎಂಬ ಅಪರೂಪದ ಆನುವಂಶಿಕ ಕಾಯಿಲೆಯಲ್ಲಿ ನಾಳಗಳು ಅಕ್ಷಿಪಟಲದ ಅಂಚು ಮುಟ್ಟುವ ಮೊದಲೇ ನಿಂತುಬಿಡುತ್ತವೆ. ನೋಟಕ್ಕೆ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲದ ಕಾಯಿಲೆ ಆರ್‌ಒಪಿಯಂತೆಯೇ ಇರುತ್ತದೆ. ಆರ್‌ಒಪಿ ಪತ್ತೆಗೆ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ‘ಕಿಡ್‌ರಾಪ್’ ಯೋಜನೆ ಆರಂಭಿಸಿ ಜಿಲ್ಲೆಗಳಿಗೂ ಕ್ಯಾಮೆರಾ ಒಯ್ದಿತು. ದೊಡ್ಡ ಕೆಲಸ ಅದು. ಫೆವರ್ ಮಾತ್ರ ತಿಂಗಳು ತುಂಬಿ ಹುಟ್ಟಿದ ಕೂಸನ್ನೂ ಬಿಡದು.

ಫೆವರ್ ಆನುವಂಶಿಕವಾದ್ದರಿಂದ ಒಂದು ಮಗುವಿನಲ್ಲಿ ಕಂಡರೆ ಅಣ್ಣತಮ್ಮ, ಅಕ್ಕತಂಗಿಯರ, ಹೆತ್ತವರ ಅಕ್ಷಿಪಟಲವನ್ನೂ ಪರೀಕ್ಷಿಸಬೇಕು. ದೋಷ ಇದ್ದೂ ದೃಷ್ಟಿ ಚೆನ್ನಾಗಿರುವವರು ಮನೆಯಲ್ಲೇ ಇರಬಹುದು.