ಜಪಾನಿನ ವಿದೇಶಿ ಶಿಕ್ಷಕರು ಮತ್ತು ವರ್ಷಾಂತ್ಯದ ರಜೆ

1868ರಲ್ಲಿ ಮೇಜಿ ಆಡಳಿತ ಬಂದ ಮೇಲೆ ಜಪಾನ್ ಪಾಶ್ಚಾತ್ಯ ವಿದ್ಯೆ ಕಲಿಯಲು ಹೊರದೇಶಗಳಿಂದ ಎಂಜಿನಿಯರು, ವೈದ್ಯರು, ಶಿಕ್ಷಕರನ್ನು ಸಂಬಳಕ್ಕೆ ಗೊತ್ತುಮಾಡಿ ಕರೆಸಿಕೊಂಡಿತು. ‘ಒಯಾತೊಯಿ ಗೈಕೊಕುಜಿನ್’ ಎಂದು ಕರೆಯಲ್ಪಟ್ಟ ಈ ವಿದೇಶಿಗರಲ್ಲಿ ಆಗತಾನೆ ಕಾಲೇಜು ಮುಗಿಸಿದ ಇಪ್ಪತ್ತರ ಹರೆಯದವರೂ ಇದ್ದರು. ಅವರ ಪಾಲಿಗೆ ವರ್ಷದ ದೊಡ್ಡ ಹಬ್ಬ ಕ್ರಿಸ್‌ಮಸ್. ಅವರು ಹೋಗಿ ಸೇರಿದ ದೇಶದಲ್ಲಾದರೋ ಕ್ರೈಸ್ತ ಧರ್ಮವೇ ನಿಷಿದ್ಧವಾಗಿತ್ತು. ನಿಷೇಧವನ್ನು ಸಾರುವ ಹಲಗೆಗಳು ಊರೂರುಗಳಲ್ಲಿ ನಿಂತಿದ್ದವು, ಅವು ಇಳಿದದ್ದು 1873ರಲ್ಲಿ. ಹಬ್ಬದ ಕಾಲದಲ್ಲಿ ವಿದೇಶಿ ಶಿಕ್ಷಕನ ಸ್ಥಿತಿ ಏನು ಎಂಬುದನ್ನು ತೀರ್ಮಾನಿಸಿದ್ದು ಅವನ ಮನೆನೆನಪಿಗಿಂತ ಹೆಚ್ಚಾಗಿ ಜಪಾನ್ ಸರ್ಕಾರದ ಕ್ಯಾಲೆಂಡರ್.

ಅಮೆರಿಕದ ವಿಲಿಯಂ ಎಲಿಯಟ್ ಗ್ರಿಫಿಸ್ ಅವರ ಅನುಭವ ಇದಕ್ಕೆ ಒಳ್ಳೆಯ ಉದಾಹರಣೆ. ಫುಕುಯಿ ಸಂಸ್ಥಾನದಲ್ಲಿ ವಿಜ್ಞಾನ ಕಲಿಸಲು ಒಪ್ಪಿ ಹೊರಟಾಗ ಅವರಿಗೆ 27 ವರ್ಷ. 1870ರ ಕ್ರಿಸ್‌ಮಸ್ ಶಾಂತಸಾಗರದ ನಡುವೆ ಹಡಗಿನಲ್ಲೇ ಕಳೆಯಿತು. ಡಿಸೆಂಬರ್ 29ರಂದು ಯೊಕೊಹಾಮಾದಲ್ಲಿ ಇಳಿದರು. ಮೂರು ದಿನಕ್ಕೆ ಬಂದ ಜನವರಿ 1 ಬಂದರಿನ ವಿದೇಶಿ ಬಡಾವಣೆಗೆ ಹೊಸ ವರ್ಷ, ಅದರಾಚೆಗಿನ ಜಪಾನಿಗೆ ಯಾವುದೋ ಒಂದು ದಿನ. ಅಲ್ಲಿ ಆಗಿನ್ನೂ ಹಳೆಯ ಪಂಚಾಂಗ ನಡೆಯುತ್ತಿತ್ತು. ಗ್ರಿಫಿಸ್ ಫುಕುಯಿ ತಲುಪಿದ್ದು 1871ರ ಮಾರ್ಚ್‌ನಲ್ಲಿ, ಅಲ್ಲಿನ ಹೊಸ ವರ್ಷ ಮುಗಿದ ಮೇಲೆ. ಬಿಟ್ಟದ್ದು 1872ರ ಜನವರಿಯಲ್ಲಿ, ಮುಂದಿನ ಹೊಸ ವರ್ಷಕ್ಕೆ ಇನ್ನೂ ದಿನಗಳಿದ್ದಾಗ. ಹೆಚ್ಚುಕಡಿಮೆ ವರ್ಷವಿಡೀ ಅಲ್ಲಿದ್ದೂ ಊರಿನ ಅತಿ ದೊಡ್ಡ ಹಬ್ಬ ಅವರಿಗೆ ಸಿಗಲೇ ಇಲ್ಲ. ಜಪಾನ್ ಕುರಿತು ಮುಂದೆ ‘ದಿ ಮಿಕಾಡೋಸ್ ಎಂಪೈರ್’ ಎಂಬ ದೊಡ್ಡ ಪುಸ್ತಕವನ್ನೇ ಬರೆದವರ ಪಾಲಿಗೆ ಇದು ಸಣ್ಣ ನಷ್ಟವಲ್ಲ.

ಗ್ರಿಫಿಸ್‌ರ ಗೆಳೆಯ ಎಡ್ವರ್ಡ್ ವಾರೆನ್ ಕ್ಲಾರ್ಕ್ 1871ರಲ್ಲಿ ಶಿಜುವೊಕಾಗೆ ಬಂದಾಗ ಇನ್ನೂ ಇಪ್ಪತ್ತೆರಡರ ತರುಣ. ಅವರ ಮುಂದಿಟ್ಟ ಕರಾರುಪತ್ರದಲ್ಲಿ ಕ್ರೈಸ್ತ ಧರ್ಮದ ಬಗ್ಗೆ ಬಾಯಿ ಬಿಡಬಾರದೆಂಬ ಷರತ್ತಿತ್ತು. ಅದಿದ್ದರೆ ರುಜು ಹಾಕುವುದಿಲ್ಲವೆಂದು ಅವರು ಹಟ ಹಿಡಿದರು. ಕೊನೆಗೆ ಆ ಸಾಲನ್ನು ತೆಗೆಯಲಾಯಿತು. ಅವರಿಗೆ ಮೊದಲು ಸಿಕ್ಕ ವಸತಿ ಒಂದು ಬೌದ್ಧ ದೇವಾಲಯ. ಒಳನಾಡಿನ ಶಿಕ್ಷಕರಿಗೆ ತಮ್ಮವರ ನಡುವೆ ಹಬ್ಬ ಮಾಡಬೇಕೆಂದರೆ ಯೊಕೊಹಾಮಾ, ಕೋಬೆಯಂಥ ಬಂದರುಗಳೇ ಗತಿ. ದಾರಿ ದೂರ, ರೈಲು ಇಲ್ಲ. ದೇಶದ ಮೊದಲ ರೈಲುಮಾರ್ಗ 1872ರಲ್ಲಿ ಶುರುವಾದಾಗಲೂ ಅದು ಓಡಿದ್ದು ಟೋಕಿಯೊ–ಯೊಕೊಹಾಮಾ ನಡುವೆ ಮಾತ್ರ. ಮೇಲಾಗಿ ವಿದೇಶಿಗರು ಒಳನಾಡಿನಲ್ಲಿ ಓಡಾಡಲು 1899ರವರೆಗೂ ರಹದಾರಿ ಬೇಕಿತ್ತು.

ಕ್ಯಾಲೆಂಡರ್ ಬದಲಾದ ಬಗೆಯೂ ಸ್ವಾರಸ್ಯಕರ. ಮೇಜಿ 5ನೆಯ ವರ್ಷದ ಹನ್ನೆರಡನೆಯ ತಿಂಗಳ ಎರಡನೆಯ ದಿನ ಮುಗಿದ ಕೂಡಲೇ 1873ರ ಜನವರಿ 1 ಎಂದು ಸರ್ಕಾರ ಸಾರಿತು. ಜನರಿಗೆ ಸಿಕ್ಕ ಮುನ್ಸೂಚನೆ ಒಂದು ತಿಂಗಳೂ ಇಲ್ಲ. ಹಳೆಯ ಲೆಕ್ಕ ಉಳಿದಿದ್ದರೆ ಮರುವರ್ಷ ಅಧಿಕ ಮಾಸ ಬೀಳುತ್ತಿತ್ತು, ನೌಕರರಿಗೆ ಹದಿಮೂರು ತಿಂಗಳ ಸಂಬಳ ಕೊಡಬೇಕಾಗುತ್ತಿತ್ತು. ಬೊಕ್ಕಸ ಬರಿದಾಗಿದ್ದುದರಿಂದ ಆ ಉಳಿತಾಯವೂ ಈ ಬದಲಾವಣೆಗೆ ಒಂದು ಕಾರಣವಾಗಿತ್ತು. ಸರ್ಕಾರಿ ಕಚೇರಿಗಳಿಗೆ ಭಾನುವಾರದ ರಜೆ ಬಂದದ್ದು 1876ರಲ್ಲಿ. ಅದಕ್ಕೆ ಮುಂಚೆ ತಾರೀಖಿನ ಕೊನೆಗೆ ಒಂದು ಅಥವಾ ಆರು ಬರುವ ದಿನಗಳು ಬಿಡುವಿನ ದಿನಗಳಾಗಿದ್ದವು. ಹೀಗೆ ಜನವರಿ 1 ಮತ್ತು ಭಾನುವಾರ ಎರಡನ್ನೂ ಪಶ್ಚಿಮದಿಂದ ಪಡೆದ ಜಪಾನ್ ಡಿಸೆಂಬರ್ 25ನ್ನು ಮಾತ್ರ ಬಿಟ್ಟಿತು. ಹಳೆಯ ಹೊಸವರ್ಷದ ಆಚಾರಗಳು ಕ್ರಮೇಣ ಜನವರಿ 1ಕ್ಕೆ ಬಂದು ಸೇರಿದವು.

1890ರಲ್ಲಿ ಮತ್ಸುಯೆ ಪಟ್ಟಣದ ಶಾಲೆಗೆ ಇಂಗ್ಲಿಷ್ ಕಲಿಸಲು ಬಂದ ಲಾಫ್ಕಾಡಿಯೊ ಹರ್ನ್ ತರುಣರೇನಲ್ಲ, ನಲವತ್ತರವರು. ಅಲ್ಲಿನ ಚಳಿಗಾಲ ಅವರನ್ನು ಹಣ್ಣುಮಾಡಿತು. ಆದರೆ ಅವರು ಸೆತ್ಸು ಕೊಯಿಜುಮಿ ಅವರನ್ನು ಮದುವೆಯಾಗಿ ಜಪಾನೀ ಮನೆಯ ಒಳಗಿನವರಾದರು, 1896ರಲ್ಲಿ ಅಲ್ಲಿನ ಪ್ರಜೆಯೂ ಆದರು. ಈ ದಾರಿ ಹಿಡಿದವರು ವಿರಳ. ವಿದೇಶಿಗರ ಜಾಗಕ್ಕೆ ಅಷ್ಟರಲ್ಲಿ ದೇಶದವರೇ ಬರತೊಡಗಿದ್ದರು; ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಹರ್ನ್ ಬಿಟ್ಟ ಪಾಠವನ್ನು 1903ರಲ್ಲಿ ವಹಿಸಿಕೊಂಡವರಲ್ಲಿ ಕಾದಂಬರಿಕಾರ ನತ್ಸುಮೆ ಸೋಸೆಕಿ ಒಬ್ಬರು.

ಶಿಕ್ಷಕರ ಸಂಖ್ಯೆ ಇಳಿದ ಆ ಕಾಲದಲ್ಲೇ ಕ್ರಿಸ್‌ಮಸ್ ಅಂಗಡಿ ಬಾಗಿಲಿನಿಂದ ಜಪಾನಿಗೆ ಹೊಕ್ಕಿತು. ಟೋಕಿಯೊದ ಗಿಂಜಾದಲ್ಲಿದ್ದ ಮೇಜಿಯಾ ಅಂಗಡಿಯ ಅಲಂಕಾರ, 1910ರಲ್ಲಿ ಫುಜಿಯಾ ಎಂಬ ಮಿಠಾಯಿ ಅಂಗಡಿ ಮಾರತೊಡಗಿದ ಕ್ರಿಸ್‌ಮಸ್ ಕೇಕು, ಹೀಗೆ ಪೂಜೆಯಿಲ್ಲದ ಹಬ್ಬ ಬೆಳೆಯಿತು. ಒಂದು ವಿಚಿತ್ರವೂ ನಡೆಯಿತು. ತೈಶೋ ಚಕ್ರವರ್ತಿ 1926ರ ಡಿಸೆಂಬರ್ 25ರಂದು ತೀರಿಕೊಂಡರು. ಅವರ ಸ್ಮರಣೆಗಾಗಿ 1927ರಿಂದ 1947ರವರೆಗೆ ಆ ದಿನ ರಾಷ್ಟ್ರೀಯ ರಜೆಯಾಗಿತ್ತು. ಚಕ್ರವರ್ತಿಯ ಪುಣ್ಯತಿಥಿಯ ನೆಪದಲ್ಲಿ ಸಿಕ್ಕ ಬಿಡುವಿನಲ್ಲಿ ನಗರದ ಕೆಫೆಗಳು ಕ್ರಿಸ್‌ಮಸ್ ಮಾಡಿದವು. 1948ರ ರಜಾ ಕಾನೂನು ಆ ದಿನವನ್ನು ಪಟ್ಟಿಯಿಂದ ತೆಗೆಯಿತು. ಮರಗಳಿಗೆ ದೀಪ ಸುತ್ತುವುದು ಮನೆಮಾತಾಗುವ ಹೊತ್ತಿಗೆ ರಜೆ ಹೋಗಿತ್ತು. 1974ರಲ್ಲಿ ಕೆಂಟಕಿ ಫ್ರೈಡ್ ಚಿಕನ್ ಕ್ರಿಸ್‌ಮಸ್‌ಗೆ ಕೋಳಿ ತಿನ್ನಿ ಎಂದು ದೇಶದುದ್ದಕ್ಕೂ ಜಾಹೀರಾತು ಹಾಕಿತು. ಟರ್ಕಿ ಕೋಳಿ ಸಿಗದ ವಿದೇಶಿ ಗಿರಾಕಿಯೊಬ್ಬರಿಂದ ಈ ಯೋಚನೆ ಹುಟ್ಟಿತೆಂಬ ಕಥೆಯಿದೆ, ಬೇರೆ ಕಥೆಗಳೂ ಇವೆ. ಮುಂಗಡ ಹೇಳಿ ಬಕೆಟ್ ಕೋಳಿ ತರಿಸುವುದು ಅಲ್ಲಿನ ಪದ್ಧತಿಯಾಗಿಹೋಯಿತು.

ವಿದೇಶಿ ತರುಣರು ಮತ್ತೆ ದೊಡ್ಡ ಸಂಖ್ಯೆಯಲ್ಲಿ ಶಾಲೆಗಳಿಗೆ ಬಂದದ್ದು 1987ರಲ್ಲಿ, ಜೆಟ್ ಎಂಬ ಯೋಜನೆಯ ಮೂಲಕ. 1977 ಮತ್ತು 1978ರಲ್ಲಿ ಅಮೆರಿಕನ್ನರಿಗೊಂದು, ಬ್ರಿಟಿಷರಿಗೊಂದು ಎಂದು ಆರಂಭವಾಗಿದ್ದ ಸಣ್ಣ ಯೋಜನೆಗಳ ಜಾಗಕ್ಕೆ ಇದು ಬಂತು. ಅಮೆರಿಕದೊಂದಿಗೆ ವ್ಯಾಪಾರದ ಜಗಳ ಜೋರಾಗಿದ್ದ ಕಾಲ ಅದು. ಇಂಗ್ಲಿಷ್ ಕಲಿಕೆಯಷ್ಟೇ ದೇಶದ ಬಗ್ಗೆ ಒಳ್ಳೆಯ ಮಾತು ಹುಟ್ಟಿಸುವುದೂ ಉದ್ದೇಶವಾಗಿತ್ತು. ಮೊದಲ ವರ್ಷ ನಾಲ್ಕು ದೇಶಗಳಿಂದ 848 ಮಂದಿ ಬಂದರು. 2002ರಲ್ಲಿ ಅವರ ಸಂಖ್ಯೆ ಆರು ಸಾವಿರಕ್ಕೂ ಮೇಲಿತ್ತು. ಮೇಜಿ ಕಾಲದವರು ದುಬಾರಿ ತಜ್ಞರು. ಇವರು ತರಗತಿಯಲ್ಲಿ ಜಪಾನೀ ಶಿಕ್ಷಕರ ಪಕ್ಕದಲ್ಲಿ ನಿಲ್ಲುವ ಸಹಾಯಕರು, ಒಂದು ವರ್ಷದ ಕರಾರಿನವರು. ಬಹುಪಾಲು ಜನರಿಗೆ ಸಿಕ್ಕದ್ದು ದೊಡ್ಡ ನಗರವಲ್ಲ, ಹಳ್ಳಿ ಅಥವಾ ಸಣ್ಣ ಪಟ್ಟಣ.

ಡಿಸೆಂಬರ್ ಬಂದರೆ ಇವರಿಗೆ ಕ್ರಿಸ್‌ಮಸ್ ಪಾಠದ ಕೆಲಸ. ಪ್ರಾಥಮಿಕ ಶಾಲೆಗಳಲ್ಲಿ ಸಾಂತಾ ವೇಷವೂ ಹೆಚ್ಚಾಗಿ ಇವರ ತಲೆಗೇ ಬರುತ್ತದೆ. ತಮ್ಮ ಹಬ್ಬವನ್ನು ಪಾಠವಾಗಿ ಹೇಳಿಕೊಡುವವರಿಗೆ ಆ ದಿನ ಮಾತ್ರ ಬಿಡುವಿಲ್ಲ. ಅಕಿಹಿತೋ ಚಕ್ರವರ್ತಿಯ ಹುಟ್ಟುಹಬ್ಬವೆಂದು 1989ರಿಂದ 2018ರವರೆಗೆ ಡಿಸೆಂಬರ್ 23 ರಜೆಯಾಗಿತ್ತು. ಎರಡು ದಿನ ಬಿಟ್ಟು ಬರುವ ಕ್ರಿಸ್‌ಮಸ್ ಕೆಲಸದ ದಿನ. ಮಕ್ಕಳಿಗೆ ಚಳಿಗಾಲದ ರಜೆ ಆ ಹೊತ್ತಿಗೆ ಶುರುವಾದರೂ ಶಿಕ್ಷಕರು ಶಾಲೆಗೆ ಬರಬೇಕು, ಖಾಲಿ ಕಟ್ಟಡದ ಸಿಬ್ಬಂದಿ ಕೋಣೆಯಲ್ಲಿ ತಮ್ಮ ಮೇಜಿನ ಮುಂದೆ ಕೂರಬೇಕು. ಇದಕ್ಕೆ ಮುಂಚೆ ‘ಬೋನೆನ್‌ಕೈ’ ನಡೆಯುತ್ತದೆ, ಹಳೆಯ ವರ್ಷವನ್ನು ಮರೆಯುವ ಊಟದ ಕೂಟ. ವರ್ಷವಿಡೀ ಬಿಗಿಯಾಗಿದ್ದ ಮುಖ್ಯೋಪಾಧ್ಯಾಯರು ಅಂದು ಹಾಡುತ್ತಾರೆ. ಯಾರೂ ತಮ್ಮ ಬಟ್ಟಲಿಗೆ ತಾವೇ ಸುರಿದುಕೊಳ್ಳುವುದಿಲ್ಲ, ಪಕ್ಕದವರು ಸುರಿಯಬೇಕು. ವಿದೇಶಿ ಶಿಕ್ಷಕರನ್ನು ನಿಜವಾಗಿ ಒಳಗೆ ಸೇರಿಸಿಕೊಳ್ಳುವ ವರ್ಷಾಂತ್ಯದ ಸಂದರ್ಭ ಬಹುಶಃ ಇದೊಂದೇ.

ಏಕೆಂದರೆ ಮುಂದಿನ ಹೊಸ ವರ್ಷ ಮನೆಮಂದಿಯ ಹಬ್ಬ. ಮನೆ ಗುಡಿಸಿ ತೊಳೆಯುತ್ತಾರೆ, ಬಾಗಿಲಲ್ಲಿ ಪೈನ್ ಮತ್ತು ಬಿದಿರಿನ ಕದೊಮಾತ್ಸು ನಿಲ್ಲಿಸುತ್ತಾರೆ, ಮೊದಲ ಮೂರು ದಿನ ಒಲೆ ಹಚ್ಚುವ ತಾಪತ್ರಯ ಬೇಡವೆಂದು ಒಸೆಚಿ ಖಾದ್ಯಗಳನ್ನು ಮೊದಲೇ ಡಬ್ಬಗಳಲ್ಲಿ ಜೋಡಿಸಿಡುತ್ತಾರೆ. ಊರು ಬಿಟ್ಟವರು ಊರಿಗೆ ಮರಳುತ್ತಾರೆ. ಡಿಸೆಂಬರ್ 31ರ ರಾತ್ರಿ ಸೋಬಾ ಶಾವಿಗೆ, ಟಿವಿಯಲ್ಲಿ 1951ರಲ್ಲಿ ರೇಡಿಯೊ ಕಾರ್ಯಕ್ರಮವಾಗಿ ಶುರುವಾದ ಎನ್‌ಎಚ್‌ಕೆಯ ಹಾಡಿನ ಸ್ಪರ್ಧೆ, ನಡುರಾತ್ರಿ ಬೌದ್ಧ ದೇವಾಲಯದಲ್ಲಿ ನೂರೆಂಟು ಗಂಟೆ, ಆಮೇಲೆ ವರ್ಷದ ಮೊದಲ ದೇವರ ದರ್ಶನ. ಮನೆಗೆ ಕರೆಯುವ ಸಹೋದ್ಯೋಗಿ ಸಿಕ್ಕರೆ ಈ ದಿನಗಳು ಬಲು ಚೆನ್ನ. ಇಲ್ಲದಿದ್ದರೆ ಅಂಗಡಿಗಳು ಮುಚ್ಚಿದ ಊರಿನ ಬಾಡಿಗೆ ಮನೆಯಲ್ಲಿ ಸೀಮೆಎಣ್ಣೆ ಹೀಟರು, ಕೊತಾತ್ಸು ಮೇಜಿನಡಿಯ ಬಿಸಿ, ಇಷ್ಟೇ. ಹಾಗಾಗಿ ಹಲವರು ಆ ವಾರ ದಕ್ಷಿಣದ ಬೆಚ್ಚನೆಯ ದೇಶಗಳಿಗೆ ಹೊರಟುಬಿಡುತ್ತಾರೆ. ಊರನ್ನು ಅರಿಯಲು ಬಂದವರು ಊರಿನ ದೊಡ್ಡ ಹಬ್ಬವನ್ನು ತಾವಾಗಿಯೇ ತಪ್ಪಿಸಿಕೊಳ್ಳುವುದು ಗ್ರಿಫಿಸ್ ಕಾಲದ ನಷ್ಟಕ್ಕಿಂತ ದೊಡ್ಡದು.

ಊರಲ್ಲೇ ಉಳಿದವರಿಗೂ ಒಂದು ಗುರುತು ತಪ್ಪದೆ ತಲುಪುತ್ತಿತ್ತು, ಜನವರಿ 1ರ ಬೆಳಿಗ್ಗೆ ಅಂಚೆಯವರು ತರುವ ಶುಭಾಶಯ ಕಾರ್ಡುಗಳು. ಶಾಲೆಯ ಮಕ್ಕಳು, ಸಹೋದ್ಯೋಗಿಗಳು ಬರೆದ ಈ ‘ನೆಂಗಾಜೊ’ಗಳಿಗೆ ಉತ್ತರ ಬರೆಯಲು ಕಲಿಯುವುದು ಹೊಸಬರ ಮೊದಲ ಜಪಾನೀ ಪರೀಕ್ಷೆಯೇ. 2003ರಲ್ಲಿ ಅಂಚೆ ಸಂಸ್ಥೆ ಅಂಥ 440 ಕೋಟಿಗೂ ಹೆಚ್ಚು ಕಾರ್ಡು ಮುದ್ರಿಸಿತ್ತು. ಮೊಬೈಲ್ ಬಂದ ಮೇಲೆ ಸಂಖ್ಯೆ ಕುಸಿಯುತ್ತಲೇ ಇದೆ. ಸರ್ಕಾರಿ ಕಚೇರಿಗಳು ಈಗಲೂ ಡಿಸೆಂಬರ್ 29ರಿಂದ ಜನವರಿ 3ರವರೆಗೆ ಮುಚ್ಚಿರುತ್ತವೆ. ಅದಕ್ಕೆ ಮುಂಚಿನ ಕ್ರಿಸ್‌ಮಸ್ ಬೇಕೆನ್ನುವ ಶಿಕ್ಷಕರು ತಮ್ಮ ವಾರ್ಷಿಕ ರಜೆಯಿಂದಲೇ ಆ ದಿನವನ್ನು ತೆಗೆದುಕೊಳ್ಳಬೇಕು.