ಗುಂಡ್ಲುಪೇಟೆಯ ಪರವಾಸುದೇವ

ಮೈಸೂರಿನಿಂದ ಊಟಿಗೆ ಹೋಗುವವರು ಗುಂಡ್ಲುಪೇಟೆಯನ್ನು ಬಲ್ಲರು. ಬಸ್ಸು ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಪ್ರಯಾಣಿಕರು ಕಾಫಿ ಕುಡಿಯುತ್ತಾರೆ. ಮುಂದೆ ಬರುವ ಬಂಡೀಪುರದ ಕಾಡಿನ ಆನೆಗಳ ವಿಷಯ ಮಾತನಾಡುತ್ತ ಮತ್ತೆ ಬಸ್ಸು ಹತ್ತುತ್ತಾರೆ. ಈ ಊರಿಗೆ ಹಿಂದೆ ವಿಜಯಪುರವೆಂಬ ಹೆಸರಿತ್ತೆಂಬುದಾಗಲಿ, ಇಲ್ಲಿ ಒಬ್ಬ ದೊರೆ ತನ್ನ ತಂದೆಯ ನೆನಪಿಗೆ ಒಂದು ದೇವಾಲಯವನ್ನೂ ಒಂದು ಅಗ್ರಹಾರವನ್ನೂ ಕಟ್ಟಿಸಿದನೆಂಬುದಾಗಲಿ ಅವರಲ್ಲಿ ಹೆಚ್ಚು ಮಂದಿಗೆ ತಿಳಿದಿರಲಾರದು. ಆ ದೇವಾಲಯದ ಮತ್ತು ಅದನ್ನು ಆಶ್ರಯಿಸಿ ಬಾಳಿದ ಜನರ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಆ ದೊರೆ ಚಿಕ್ಕದೇವರಾಜ ಒಡೆಯರು. 1673ರಿಂದ 1704ರವರೆಗೆ ಮೈಸೂರನ್ನು ಆಳಿದವರು. ಪಟ್ಟಕ್ಕೆ ಬರುವ ಮುನ್ನ ಅವರ ಪ್ರಾಯದ ಕೆಲವು ವರ್ಷಗಳು ಗುಂಡ್ಲುಪೇಟೆಗೆ ಸಮೀಪದ ಹಂಗಳದಲ್ಲಿ ಕಳೆದುವು. ರಾಜ್ಯ ಚಿಕ್ಕಪ್ಪನ ಕೈಯಲ್ಲಿದ್ದುದರಿಂದ ಅವರನ್ನು ಅಲ್ಲಿ ಸೆರೆಯಲ್ಲಿಟ್ಟಿದ್ದರೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಅದನ್ನು ಒಪ್ಪದ ವಿದ್ವಾಂಸರೂ ಉಂಟು. ಸೆರೆಯೋ ವಾಸವೋ, ಅವರ ತಂದೆ ದೊಡ್ಡದೇವರಾಜ ಒಡೆಯರು ಕೊನೆಯುಸಿರೆಳೆದದ್ದು ಗುಂಡ್ಲುಪೇಟೆಯಲ್ಲಿ. ಮಗ ಸಿಂಹಾಸನವೇರಿದ ಮೇಲೆ ಮಾಡಿದ ಮೊದಮೊದಲ ಕಾರ್ಯಗಳಲ್ಲಿ ಒಂದು, 1670ರ ದಶಕದಲ್ಲಿ, ಕೌಂಡಿನಿ ಎಂದು ಸಂಸ್ಕೃತದಲ್ಲಿ ಕರೆಸಿಕೊಳ್ಳುವ ಗುಂಡ್ಲುಹೊಳೆಯ ದಡದಲ್ಲಿ ತಂದೆಯ ಸದ್ಗತಿಗಾಗಿ ಪರವಾಸುದೇವನನ್ನು ಪ್ರತಿಷ್ಠಾಪಿಸಿದ್ದು.

ದೇವರ ಹೆಸರನ್ನು ಸ್ವಲ್ಪ ಗಮನಿಸಬೇಕು. ಕೃಷ್ಣನಲ್ಲ, ರಾಮನಲ್ಲ, ರಂಗನಾಥನಲ್ಲ, ಪರವಾಸುದೇವ. ಪಾಂಚರಾತ್ರಾಗಮ ಭಗವಂತನ ಐದು ನೆಲೆಗಳನ್ನು ಹೇಳುತ್ತದೆ: ಪರ, ವ್ಯೂಹ, ವಿಭವ, ಅಂತರ್ಯಾಮಿ, ಅರ್ಚೆ. ರಾಮ ಕೃಷ್ಣರು ವಿಭವಕ್ಕೆ ಸೇರಿದವರು, ಎಂದರೆ ಭೂಮಿಗೆ ಇಳಿದುಬಂದವರು. ಪರ ಎಂಬುದು ಇಳಿಯದ ನೆಲೆ. ವೈಕುಂಠದಲ್ಲಿ ಆದಿಶೇಷನ ಮೇಲೆ ಕುಳಿತ ರೂಪ. ಶ್ರೀವೈಷ್ಣವರ ನಂಬಿಕೆಯಂತೆ ಬಿಡುಗಡೆ ಹೊಂದಿದ ಜೀವ ಸೇರುವುದು ಅಲ್ಲಿಗೆ. ತಂದೆ ಎಲ್ಲಿಗೆ ಹೋಗಬೇಕೆಂದು ಮಗ ಹಾರೈಸಿದನೋ ಆ ಸ್ಥಳವನ್ನೇ ತಂದೆ ತೀರಿಕೊಂಡ ಊರಿನಲ್ಲಿ ಕಲ್ಲಿನಲ್ಲಿ ನಿಲ್ಲಿಸಿದಂತಾಯಿತು. ಸಂಸ್ಥಾನದ ಇತಿಹಾಸದಲ್ಲಿ ಚಿಕ್ಕದೇವರಾಜರು ಹದಿನೆಂಟು ಚಾವಡಿಗಳನ್ನು ಏರ್ಪಡಿಸಿದ, ಬೊಕ್ಕಸ ತುಂಬಿದ ಕಠಿಣ ಆಡಳಿತಗಾರರು. ಆ ಕಾಠಿಣ್ಯದ ಒಳಗಿದ್ದ ಮಗನ ಮನಸ್ಸು ನಮಗೆ ಕಾಣುವುದು ಈ ಒಂದು ಹೆಸರಿನಲ್ಲಿ.

ದೇವಾಲಯವೊಂದನ್ನು ಕಟ್ಟಿದರೆ ಸಾಲದು. ದೀಪ ಆರದಂತೆ ನೋಡಿಕೊಳ್ಳುವವರು ಬೇಕು. ಅದಕ್ಕಾಗಿಯೇ ಅಗ್ರಹಾರ. ಈಗಿನವರಿಗೆ ಅಗ್ರಹಾರವೆಂದರೆ ಬ್ರಾಹ್ಮಣರ ಬೀದಿ ಎಂದಷ್ಟೇ ಅರ್ಥ. ಮೂಲದಲ್ಲಿ ಅದೊಂದು ಭೂಮಿಯ ವ್ಯವಸ್ಥೆ. ಅರಸನು ಒಂದು ಊರನ್ನೋ ಹಲವು ಹಳ್ಳಿಗಳ ಹುಟ್ಟುವಳಿಯನ್ನೋ ವೃತ್ತಿಗಳಾಗಿ ಹಂಚಿ, ಒಂದೊಂದು ವೃತ್ತಿಯನ್ನು ಒಬ್ಬೊಬ್ಬ ವಿದ್ವಾಂಸನಿಗೆ ಧಾರೆಯೆರೆದು ಕೊಡುತ್ತಿದ್ದನು. ಅಂಥ ತಾಮ್ರಶಾಸನಗಳಲ್ಲಿ ದಾನ ಪಡೆದವನ ಹೆಸರು, ತಂದೆಯ ಹೆಸರು, ಗೋತ್ರ, ಸೂತ್ರ, ಶಾಖೆ ಎಲ್ಲವೂ ಬರುತ್ತವೆ. ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳ ಹಕ್ಕು ಬರುತ್ತದೆ. ಎಲ್ಲೆಗೆ ನೆಟ್ಟ ವಾಮನ ಮುದ್ರೆಯ ಕಲ್ಲುಗಳ ವಿವರ ಬರುತ್ತದೆ. ಕೊನೆಗೆ, ಸೂರ್ಯಚಂದ್ರರು ಇರುವವರೆಗೂ ಇದು ನಡೆಯತಕ್ಕದ್ದು ಎಂಬ ಮಾತು, ತಪ್ಪಿದವರಿಗೆ ಶಾಪ.

ಹೀಗೆ ಭೂಮಿಯು ವಿದ್ವಾಂಸನನ್ನು ಸಾಕಿತು. ವಿದ್ವಾಂಸನು ದೇವರ ಸೇವೆಯನ್ನು ಸಾಗಿಸಿದನು. ದೇವಾಲಯವು ಊರಿಗೆ ಒಂದು ನಡುಗಂಬವಾಯಿತು. ಅರ್ಚಕ, ಪರಿಚಾರಕ, ಅಡುಗೆಯವನು, ವೇದಪಾರಾಯಣದವನು, ದಿವ್ಯಪ್ರಬಂಧ ಹೇಳುವ ಗೋಷ್ಠಿ, ಸಂಜೆ ಪುರಾಣ ಓದುವವನು, ಇವರೆಲ್ಲ ಅಗ್ರಹಾರದವರು. ಇವರಲ್ಲದೆ ವಾಲಗದವನು, ಹೂವು ಕಟ್ಟುವವನು, ಮಡಕೆ ತರುವ ಕುಂಬಾರ, ಪಂಜು ಹಿಡಿಯುವ ಮಡಿವಾಳ, ರಥದ ಮಿಣಿ ಎಳೆಯುವ ಒಕ್ಕಲುಮಕ್ಕಳು ಇಲ್ಲದೆ ಯಾವ ಊರ ತೇರೂ ಮುಂದೆ ಸಾಗುತ್ತಿರಲಿಲ್ಲ.

ನಾನು ಎಂ.ಎ. ತರಗತಿಗಳಿಗೆ ಶಾಸನ ಪಾಠ ಹೇಳುತ್ತಿದ್ದಾಗ ಒಮ್ಮೆ ಇಂಥದೇ ಒಂದು ದಾನಶಾಸನವನ್ನು ಓದಿಸುತ್ತಿದ್ದೆ. ಗೋತ್ರ ಸೂತ್ರಗಳ ಪಟ್ಟಿ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, "ಸಾರ್, ಇಷ್ಟು ಜನರ ಹೆಸರಿದೆ. ಈ ಭೂಮಿ ಉತ್ತವನ ಹೆಸರು ಎಲ್ಲಿದೆ?" ಎಂದ. ತರಗತಿ ನಕ್ಕಿತು. ನಾನು, "ಶಾಸನದ ಉದ್ದೇಶ ಅದಲ್ಲಪ್ಪ" ಎಂದು ಹೇಳಿ ಮುಂದಿನ ಸಾಲಿಗೆ ಹೋದೆ. ಉತ್ತರ ತಪ್ಪಲ್ಲ, ಆದರೆ ಅದು ಉತ್ತರವಲ್ಲವೆಂದು ನನಗೆ ಅಂದೇ ತಿಳಿದಿತ್ತು. ಬಹಳ ವರ್ಷಗಳಿಂದ ಆ ಪ್ರಶ್ನೆ ನನ್ನ ಬೆನ್ನಿಗಿದೆ.

ಚಿಕ್ಕದೇವರಾಜರ ಕಾಲದಲ್ಲಿಯೇ ತೆರಿಗೆಯ ಭಾರ ತಾಳಲಾರದೆ ರೈತರು ದಂಗೆಯೆದ್ದರೆಂದೂ, ನಂಜನಗೂಡಿನ ಬಳಿ ಅದನ್ನು ರಕ್ತ ಹರಿಸಿ ಅಡಗಿಸಲಾಯಿತೆಂದೂ ವಿಲ್ಕ್ಸ್ ಹೇಳುತ್ತಾನೆ. ಗುಂಡ್ಲುಹೊಳೆ ಹರಿದು ಕಪಿಲೆಯನ್ನು ಸೇರುವುದು ಆ ನಂಜನಗೂಡಿನಲ್ಲಿಯೇ. ಹೊಳೆಯ ಮೇಲುಭಾಗದಲ್ಲಿ ಅರಸನ ಪಿತೃಭಕ್ತಿ, ಕೆಳಭಾಗದಲ್ಲಿ ರೈತನ ಕಣ್ಣೀರು. ಎರಡೂ ಒಂದೇ ಆಳ್ವಿಕೆಯ ಚರಿತ್ರೆ. ಒಂದನ್ನು ಓದಿ ಇನ್ನೊಂದನ್ನು ಬಿಡುವುದು ನ್ಯಾಯವಲ್ಲ.

ಸೂರ್ಯಚಂದ್ರರು ಇರುವವರೆಗೆ ಎಂಬ ಮಾತು ಏನಾಯಿತು? ಹದಿನೆಂಟನೆಯ ಶತಮಾನದ ಯುದ್ಧಗಳು, ರಾಜ್ಯಗಳ ಏಳುಬೀಳು, ಮತ್ತೆ ಮತ್ತೆ ಬದಲಾದ ಕಂದಾಯದ ಲೆಕ್ಕ ನಾಡಿನ ಅಗ್ರಹಾರಗಳನ್ನು ಸಡಿಲಿಸಿದುವು. ಅನಂತರ ಇಂಗ್ಲಿಷ್ ವಿದ್ಯೆ ಬಂತು. ಹೊಲದ ಹುಟ್ಟುವಳಿಗಿಂತ ಕಚೇರಿಯ ಸಂಬಳ ನಂಬಿಕೆಗೆ ಅರ್ಹವಾಗಿ ಕಂಡಿತು. ಮಕ್ಕಳು ಓದಲು ಮೈಸೂರಿಗೆ ಹೋದರು, ಅಲ್ಲಿಂದ ಬೆಂಗಳೂರಿಗೆ ಹೋದರು. 1948ರ ದೇವಾಲಯ ಪ್ರವೇಶದ ಕಾನೂನು, ಶತಮಾನಗಳಿಂದ ಹೊರಗೆ ನಿಂತವರಿಗೆ ಬಾಗಿಲು ತೆರೆಯಿತು. 1955ರ ಶಾಸನ ಧಾರ್ಮಿಕ ಇನಾಮುಗಳನ್ನು ರದ್ದುಮಾಡಿತು. ದೇವರ ಭೂಮಿಗೆ ಬದಲಾಗಿ ಸರ್ಕಾರದ ತಸ್ತೀಕು ಬಂತು. 1974ರ ಭೂಸುಧಾರಣೆಯಿಂದ ಗೇಣಿದಾರನು ಉತ್ತ ನೆಲದ ಒಡೆಯನಾದನು. ನನ್ನ ವಿದ್ಯಾರ್ಥಿ ಕೇಳಿದ ಹೆಸರು ತಾಮ್ರದ ಹಲಗೆಯಲ್ಲಿ ಇರಲಿಲ್ಲ. ಮುನ್ನೂರು ವರ್ಷಗಳ ಮೇಲೆ ಪಹಣಿಯಲ್ಲಿ ಬಂತು. ಭೂಮಿ ಕಳೆದುಕೊಂಡ ಮನೆಗಳಲ್ಲಿ ನೋವಿತ್ತು, ಬಡತನವೂ ಇತ್ತು. ಆದರೂ ಅದನ್ನು ಅನ್ಯಾಯವೆಂದು ನಾನು ಹೇಳಲಾರೆ.

ಪರವಾಸುದೇವನಿಗೂ ವಲಸೆ ತಪ್ಪಲಿಲ್ಲ. ಹೊಳೆಯ ಕಡೆಯ ದೊಡ್ಡ ದೇವಾಲಯ ಪಾಳುಬಿತ್ತು. ಮೂರ್ತಿಯನ್ನು ಊರೊಳಗಿನ, ಅದಕ್ಕಿಂತ ಹಳೆಯದಾದ ವಿಜಯನಾರಾಯಣನ ಗುಡಿಗೆ ತಂದಿರಿಸಿದರು. ಇಳಿಯದ ನೆಲೆಯ ದೇವರು ಪಕ್ಕದ ಮನೆಯಲ್ಲಿ ಅತಿಥಿಯಾದನು.

ಹಾಗಾದರೆ ಉಳಿದದ್ದೇನು? ಉಳಿದದ್ದು ಸಾಹಿತ್ಯ, ಅದರಲ್ಲಿಯೂ ಕನ್ನಡದಲ್ಲಿ ಬರೆದದ್ದು. ಚಿಕ್ಕದೇವರಾಜರ ಬಾಲ್ಯಸ್ನೇಹಿತನೂ ಮುಂದೆ ಮಂತ್ರಿಯೂ ಆದ ತಿರುಮಲಾರ್ಯನು ಶ್ರೀವೈಷ್ಣವ ಪಂಡಿತರ ಮನೆತನದವನು. ಅವನ ತಮ್ಮ ಸಿಂಗರಾರ್ಯನ 'ಮಿತ್ರವಿಂದಾ ಗೋವಿಂದ' ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ನಾಟಕ. ಇನ್ನೊಬ್ಬ ಮಂತ್ರಿ ಚಿಕುಪಾಧ್ಯಾಯನು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿರುವ ತೆರಕಣಾಂಬಿಯವನು. ಹಂಗಳದ ಹಿಂದೆ ಮಂಜು ಹೊದ್ದು ನಿಂತಿರುವ ಗೋಪಾಲಸ್ವಾಮಿ ಬೆಟ್ಟದ ಮಹಿಮೆಯನ್ನು ಅವನು 1680ರಲ್ಲಿ 'ಕಮಲಾಚಲ ಮಾಹಾತ್ಮ್ಯ'ವೆಂದು ಬರೆದನು. ಸಂಸ್ಕೃತ ಬಲ್ಲ, ತಮಿಳು ಪ್ರಬಂಧ ಬಲ್ಲ ಈ ಜನ ತಮ್ಮ ಬೆಟ್ಟವನ್ನು, ತಮ್ಮ ದೇವರನ್ನು ನೆರೆಯವರ ನುಡಿಯಲ್ಲಿ ಹಾಡಬಯಸಿದರು.

ಎಲ್ಲಕ್ಕಿಂತ ಮಿಗಿಲಾದದ್ದು ಮತ್ತೊಂದಿದೆ. ಯಳಂದೂರಿನ ಹೆಣ್ಣುಮಗಳೊಬ್ಬಳು ರಾಣಿಯ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗಕ್ಕೆ ಅರಮನೆಗೆ ಬಂದಳು. ಅವಳಿಗೆ ವಿದ್ಯೆ ಕಲಿಸಿದವನು ಅಳಸಿಂಗರಾರ್ಯ. ಆ ಸಂಚಿಯ ಹೊನ್ನಮ್ಮ 'ಹದಿಬದೆಯ ಧರ್ಮ'ವನ್ನು ಬರೆದಳು. ಪತಿವ್ರತೆಯ ಧರ್ಮವನ್ನು ಹೇಳಲು ಹೊರಟವಳು, ಹೆಣ್ಣೆಂದು ಹಳಿಯುವವರ ಕುರುಡುತನವನ್ನು ಪ್ರಶ್ನಿಸುವಷ್ಟು ಧೈರ್ಯವನ್ನೂ ತೋರಿದಳು. ಆ ಆಸ್ಥಾನದ ಎಷ್ಟೋ ಪ್ರೌಢ ಗ್ರಂಥಗಳನ್ನು ಇಂದು ಪಂಡಿತರು ಮಾತ್ರ ಓದುತ್ತಾರೆ. ಹೊನ್ನಮ್ಮನನ್ನು ಶಾಲೆಯ ಮಕ್ಕಳು ಬಲ್ಲರು. ವಿದ್ಯೆ ತನ್ನ ಬೀದಿಯ ಎಲ್ಲೆಗಲ್ಲನ್ನು ದಾಟಿದ ಕಡೆ ಬಾಳಿತು.

ನಮ್ಮ ಕಾಲಕ್ಕೆ ಹತ್ತಿರದ ನಿದರ್ಶನ ಬೇಕೆ? 1979ರಲ್ಲಿ ತೀರಿಕೊಂಡ ಜಿ. ಪಿ. ರಾಜರತ್ನಂ ಅವರ ಹೆಸರಿನ 'ಜಿ' ಎಂದರೆ ಗುಂಡ್ಲುಪೇಟೆ. ಊರು ಬಿಟ್ಟ ಕುಟುಂಬಗಳು ಊರನ್ನು ಹೆಸರಿನ ಮೊದಲ ಅಕ್ಷರದಲ್ಲಿ ಕಟ್ಟಿಕೊಂಡು ಹೋದುವು. ಆ ಶ್ರೀವೈಷ್ಣವ ಪಂಡಿತರ ಕುಲದಲ್ಲಿ ಹುಟ್ಟಿದವರು ಹೆಂಡಗುಡುಕನೊಬ್ಬನ ಬಾಯಿಮಾತಿನಲ್ಲಿ 'ರತ್ನನ ಪದಗಳು' ಬರೆದರು. ಯಾವ ಅಗ್ರಹಾರದ ಶಾಸನವೂ ಅಂಥ ವೃತ್ತಿಯನ್ನು ಯಾರಿಗೂ ಕೊಟ್ಟಿರಲಿಲ್ಲ.

ನನ್ನ ವಿದ್ಯಾರ್ಥಿಗೆ ಈಗ ಉತ್ತರ ಹೇಳುವುದಾದರೆ ಹೀಗೆ ಹೇಳುತ್ತೇನೆ: ಹೆಸರಿಲ್ಲದವನ ದುಡಿಮೆಯಿಂದ ಆ ದೀಪ ಉರಿಯಿತು, ಆದ್ದರಿಂದ ಆ ಬೆಳಕಿನಲ್ಲಿ ಬರೆದುದೆಲ್ಲ ಅವನಿಗೂ ಸೇರಿದ್ದು. ಅದು ಅಗ್ರಹಾರದವರ ಸ್ವತ್ತೆಂದು ಅವನು ಬಿಟ್ಟುಬಿಡಬೇಕಾಗಿಲ್ಲ. ನಮ್ಮದೆಂದು ನಾವು ಬಚ್ಚಿಡಬೇಕಾಗಿಯೂ ಇಲ್ಲ. ಮುಂದಿನ ಸಲ ಊಟಿಯ ಬಸ್ಸು ಗುಂಡ್ಲುಪೇಟೆಯಲ್ಲಿ ನಿಂತಾಗ ಕೇಳುಗರು ಒಂದು ಗಂಟೆ ಬಿಡುವು ಮಾಡಿಕೊಂಡು ಇಳಿಯಲಿ. ವಿಜಯನಾರಾಯಣನ ಗುಡಿಯಲ್ಲಿ ಅತಿಥಿಯಾಗಿರುವ ದೇವರನ್ನು ನೋಡಲಿ. ಒಬ್ಬ ಮಗನು ತಂದೆಗಾಗಿ ಇಟ್ಟ ಮೂರ್ತಿ ಅದು. ಈಗ ಅದರ ಮುಂದೆ ಯಾರು ಬೇಕಾದರೂ ನಿಲ್ಲಬಹುದು.