ಅಂಗಡಿ ಡಬ್ಬಿಯಿಂದ ಕರೆಂಟ್ ಮೀಟರ್‌ವರೆಗೆ: ಸಿಮ್ ಇರುವ ಸ್ಮಾರ್ಟ್ ಸಾಧನಗಳ ಮಾರುಕಟ್ಟೆ ಹೇಗೆ ಬೆಳೆಯುತ್ತಿದೆ? ಕೊಳ್ಳುವ ಮುನ್ನ ತಿಳಿದಿರಬೇಕಾದದ್ದೇನು?

ಸಿಮ್ ಕಾರ್ಡ್ ಎಂದ ಕೂಡಲೇ ನೆನಪಾಗುವುದು ಮೊಬೈಲ್ ಫೋನ್. ಆದರೆ ಕಿರಾಣಿ ಅಂಗಡಿಯಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಹಣ ಬಂತು ಎಂದು ಕೂಗಿ ಹೇಳುವ ಪುಟ್ಟ ಡಬ್ಬಿಯೊಳಗೂ ಒಂದು ಸಿಮ್ ಇದೆ. ಹೊಸದಾಗಿ ಅಳವಡಿಸುತ್ತಿರುವ ಬಹುಪಾಲು ಸ್ಮಾರ್ಟ್ ವಿದ್ಯುತ್ ಮೀಟರ್‌ಗಳಲ್ಲಿ, ಟ್ಯಾಕ್ಸಿಯ ಟ್ರ್ಯಾಕರ್‌ನಲ್ಲಿ, ಎಲೆಕ್ಟ್ರಿಕ್ ಸ್ಕೂಟರ್‌ನಲ್ಲಿ, ತೋಟದ ಪಂಪ್‌ಸೆಟ್ ಸ್ಟಾರ್ಟರ್‌ನಲ್ಲಿಯೂ ಇದೆ. ಇವು ಯಾರೊಂದಿಗೂ ಹರಟುವುದಿಲ್ಲ, ವಿಡಿಯೊ ನೋಡುವುದಿಲ್ಲ. ಆದರೂ ದೂರಸಂಪರ್ಕ ಕಂಪನಿಗಳ ಹೊಸ ಗ್ರಾಹಕರು ಇವೇ.

ಈ ಮಾರುಕಟ್ಟೆ ಎಷ್ಟು ದೊಡ್ಡದು, ಎಲ್ಲಿ ಬೆಳೆಯುತ್ತಿದೆ, ಯಾವ ತಂತ್ರಜ್ಞಾನದ ಮೇಲೆ ನಿಂತಿದೆ, ಸಾಮಾನ್ಯ ಗ್ರಾಹಕನಿಗೆ ಇದರಿಂದ ಏನು ಲಾಭ, ಎಲ್ಲಿ ಎಚ್ಚರ ಬೇಕು ಎಂಬುದರ ವಿವರ ಇಲ್ಲಿದೆ.

ಏನಿದು ಸೆಲ್ಯುಲಾರ್ ಸ್ಮಾರ್ಟ್ ಸಾಧನ?

ಮನೆಯ ಸ್ಮಾರ್ಟ್ ಬಲ್ಬ್, ಟಿವಿ, ಸ್ಪೀಕರ್‌ಗಳು ವೈಫೈ ಮೂಲಕ ಅಂತರ್ಜಾಲಕ್ಕೆ ಸೇರುತ್ತವೆ. ಫಿಟ್‌ನೆಸ್ ಬ್ಯಾಂಡ್ ಬ್ಲೂಟೂತ್ ಮೂಲಕ ಫೋನಿಗೆ ಜೋಡಣೆಯಾಗುತ್ತದೆ. ಸೆಲ್ಯುಲಾರ್ ಸಾಧನಕ್ಕೆ ಇವೆರಡರ ಹಂಗಿಲ್ಲ. ಅದರಲ್ಲಿ ತನ್ನದೇ ಸಿಮ್ ಇದ್ದು, ಮೊಬೈಲ್ ಟವರ್ ಜೊತೆ ನೇರವಾಗಿ ಮಾತನಾಡುತ್ತದೆ. ಹೀಗಾಗಿ ವೈಫೈ ಇಲ್ಲದ ಹೊಲದಲ್ಲಿ, ಓಡುವ ಬಸ್ಸಿನಲ್ಲಿ, ತಳ್ಳುಗಾಡಿಯ ಮೇಲೂ ಕೆಲಸ ಮಾಡುತ್ತದೆ.

ಯಂತ್ರಗಳ ನಡುವಿನ ಈ ಸಂವಹನವನ್ನು ಸರ್ಕಾರಿ ಕಡತಗಳಲ್ಲಿ ಎಂ2ಎಂ ಎಂದು ಕರೆಯುತ್ತಾರೆ. ಉದ್ಯಮದ ಭಾಷೆಯಲ್ಲಿ ಇದು ಸೆಲ್ಯುಲಾರ್ ಐಒಟಿ. ಈ ಸಿಮ್‌ಗಳ ಸಂಖ್ಯೆ ನಮ್ಮ ಮೊಬೈಲ್ ಸಂಖ್ಯೆಯಂತೆ 10 ಅಂಕಿಯದ್ದಲ್ಲ. ಫೋನ್ ಸಂಖ್ಯೆಗಳು ಖಾಲಿಯಾಗದಿರಲಿ ಎಂದು ದೂರಸಂಪರ್ಕ ಇಲಾಖೆ ಇವುಗಳಿಗಾಗಿಯೇ 13 ಅಂಕಿಗಳ ಪದ್ಧತಿಯನ್ನು 2018ರ ಜುಲೈ 1ರಿಂದ ಜಾರಿಗೆ ತಂದಿತು.

ಮಾರುಕಟ್ಟೆ ಎಷ್ಟು ದೊಡ್ಡದು?

ಜಗತ್ತಿನಾದ್ಯಂತ ಇಂಥ ಸಂಪರ್ಕಗಳ ಸಂಖ್ಯೆ 2024ರ ಕೊನೆಗೆ ಸುಮಾರು 400 ಕೋಟಿ ಮುಟ್ಟಿದೆ ಎಂಬುದು ಉದ್ಯಮದ ಅಂದಾಜು. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಚೀನಾ ಒಂದರದ್ದೇ. 2022ರ ಆಗಸ್ಟ್‌ನಲ್ಲಿ ಅಲ್ಲಿ ಸಿಮ್ ಇರುವ ಯಂತ್ರಗಳ ಸಂಖ್ಯೆ ಮೊಬೈಲ್ ಬಳಕೆದಾರರ ಸಂಖ್ಯೆಯನ್ನೇ ಮೀರಿತು. ಆಗ ಯಂತ್ರಗಳ ಸಂಪರ್ಕ ಸುಮಾರು 170 ಕೋಟಿ ಇತ್ತು. 2024ರ ಕೊನೆಗೆ ಅದು 250 ಕೋಟಿ ದಾಟಿತು.

ಭಾರತ ಈ ದಾರಿಯಲ್ಲಿ ಇನ್ನೂ ಹಿಂದಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಪ್ರತಿ ತಿಂಗಳು ಎಂ2ಎಂ ಸಂಪರ್ಕಗಳ ಅಂಕಿಅಂಶವನ್ನು ಪ್ರತ್ಯೇಕವಾಗಿ ಪ್ರಕಟಿಸುತ್ತದೆ. 2025ರ ಆರಂಭದಲ್ಲಿ ಈ ಸಂಖ್ಯೆ 6 ಕೋಟಿ ದಾಟಿತ್ತು. ಇದರಲ್ಲಿ ಅರ್ಧದಷ್ಟು ಏರ್‌ಟೆಲ್ ಪಾಲು. ದೇಶದ 110 ಕೋಟಿಗೂ ಹೆಚ್ಚು ಮೊಬೈಲ್ ಸಂಪರ್ಕಗಳ ಮುಂದೆ ಇದು ಚಿಕ್ಕ ಸಂಖ್ಯೆ ಎನ್ನಿಸಬಹುದು. ಆದರೆ ಫೋನ್ ಮಾರುಕಟ್ಟೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದ್ದರೆ, ಯಂತ್ರಗಳ ಸಾಲು ತಿಂಗಳಿಗೆ ಲಕ್ಷಗಳ ಲೆಕ್ಕದಲ್ಲಿ ಉದ್ದವಾಗುತ್ತಿದೆ.

ಬೆಳವಣಿಗೆ ಎಲ್ಲೆಲ್ಲಿ?

ಜಾಹೀರಾತಿನಲ್ಲಿ ಹೆಚ್ಚು ಕಾಣುವುದು ಸ್ಮಾರ್ಟ್ ವಾಚ್. ಆಪಲ್ ತನ್ನ ಮೊದಲ ಸೆಲ್ಯುಲಾರ್ ವಾಚ್ ಅನ್ನು 2017ರಲ್ಲಿ ಬಿಡುಗಡೆ ಮಾಡಿತು, 2018ರ ಮೇ ತಿಂಗಳಲ್ಲಿ ಅದು ಜಿಯೊ ಮತ್ತು ಏರ್‌ಟೆಲ್ ಮೂಲಕ ಭಾರತಕ್ಕೆ ಬಂತು. ಆದರೆ ಇಲ್ಲಿ ಮಾರಾಟವಾಗುವ ವಾಚ್‌ಗಳಲ್ಲಿ ಬಹುಪಾಲು ಇಂದಿಗೂ ಬ್ಲೂಟೂತ್‌ನವು. ಸಿಮ್ ಸಾಧನಗಳ ನಿಜವಾದ ಬೆಳವಣಿಗೆ ಕಣ್ಣಿಗೆ ಬೀಳದ ಬೇರೆ ಜಾಗಗಳಲ್ಲಿದೆ.

ಸೌಂಡ್‌ಬಾಕ್ಸ್: ಯುಪಿಐ ಪಾವತಿ ಹೆಚ್ಚಿದಂತೆ ವ್ಯಾಪಾರಿಗಳಿಗೊಂದು ತಲೆನೋವು ಶುರುವಾಯಿತು. ಹಣ ಬಂತೋ ಇಲ್ಲವೋ ಎಂದು ಪ್ರತಿ ಸಲ ಫೋನ್ ನೋಡಬೇಕು, ಮಾಲೀಕರ ಫೋನ್ ಅವರ ಜೇಬಿನಲ್ಲಿದ್ದರೆ ಅಂಗಡಿ ಹುಡುಗನಿಗೆ ಗೊತ್ತಾಗುವುದಿಲ್ಲ, ಕೆಲವರು ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಹೊರಟುಬಿಡುತ್ತಾರೆ. ಇದಕ್ಕೆ ಉತ್ತರವಾಗಿ ಪೇಟಿಎಂ ಸೌಂಡ್‌ಬಾಕ್ಸ್ ತಂದಿತು. 2022ರಲ್ಲಿ ಬೆಂಗಳೂರಿನ ಫೋನ್‌ಪೇ ತನ್ನ ಸ್ಮಾರ್ಟ್‌ಸ್ಪೀಕರ್ ಬಿಟ್ಟಿತು, ನಂತರ ಕಿಚ್ಚ ಸುದೀಪ್ ದನಿಯಲ್ಲೂ ಅದು ಕನ್ನಡ ಮಾತನಾಡತೊಡಗಿತು. ಕಂಪನಿಗಳಿಗೆ ಯುಪಿಐ ಪಾವತಿಯಿಂದ ಸಿಗುವ ಆದಾಯ ಅಷ್ಟಕ್ಕಷ್ಟೆ. ಡಬ್ಬಿಯ ತಿಂಗಳ ಬಾಡಿಗೆ ಮಾತ್ರ ಖಚಿತ.

ಸ್ಮಾರ್ಟ್ ಮೀಟರ್: ಅತಿ ದೊಡ್ಡ ಬೇಡಿಕೆ ಇರುವುದು ಇಲ್ಲೇ. ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ಪರಿಷ್ಕೃತ ವಿತರಣಾ ವಲಯ ಯೋಜನೆಯ ಒಟ್ಟು ವೆಚ್ಚ 3,03,758 ಕೋಟಿ ರೂ. ಇದರಡಿ 2025ರ ಮಾರ್ಚ್ ಒಳಗೆ 25 ಕೋಟಿ ಪ್ರೀಪೇಯ್ಡ್ ಮೀಟರ್ ಅಳವಡಿಸುವ ಗುರಿ ಇತ್ತು. ಗಡುವು ಬಂದಾಗ ಅದರ ಸಣ್ಣ ಪಾಲು ಮಾತ್ರ ಪೂರ್ಣಗೊಂಡಿತ್ತು, ಆದರೂ ಕೆಲಸ ನಿಂತಿಲ್ಲ. 2023ರಲ್ಲಿ ಏರ್‌ಟೆಲ್ ಬಿಹಾರದ 13 ಲಕ್ಷ ಮನೆಗಳ ಮೀಟರ್‌ಗಳಿಗೆ ಸಂಪರ್ಕ ಕೊಡುವ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಅದಾನಿ ಸಮೂಹದ 2 ಕೋಟಿ ಮೀಟರ್‌ಗಳ ಒಪ್ಪಂದವೂ ಅದಕ್ಕೇ ಸಿಕ್ಕಿತು. ಬೆಂಗಳೂರಿನ ಬೆಸ್ಕಾಂ 2025ರ ಫೆಬ್ರವರಿಯಿಂದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿತು. ಮೀಟರ್ ಬೆಲೆಯ ವಿವಾದ ಹೈಕೋರ್ಟ್ ಮೆಟ್ಟಿಲೇರಿದ್ದೂ ಆಯಿತು.

ವಾಹನ: ಹೊಸ ಟ್ಯಾಕ್ಸಿ, ಬಸ್ಸು ಮುಂತಾದ ಸಾರ್ವಜನಿಕ ಸೇವಾ ವಾಹನಗಳಲ್ಲಿ ಸ್ಥಳ ಪತ್ತೆ ಸಾಧನ ಮತ್ತು ತುರ್ತು ಗುಂಡಿ 2019ರ ಜನವರಿ 1ರಿಂದ ಕಡ್ಡಾಯ. ಇದಕ್ಕೆ ಪಾಲಿಸಬೇಕಾದ ಮಾನದಂಡದ ಹೆಸರು ಎಐಎಸ್-140. ದ್ವಿಚಕ್ರ ವಾಹನ, ತ್ರಿಚಕ್ರ ವಾಹನ ಹಾಗೂ ಇ-ರಿಕ್ಷಾಗಳಿಗೆ ವಿನಾಯಿತಿ ಇದೆ. ಖಾಸಗಿ ಕಾರುಗಳಲ್ಲಿ 2019ರಲ್ಲಿ ಬಂದ ಹ್ಯುಂಡೈ ವೆನ್ಯೂ ಮತ್ತು ಎಂಜಿ ಹೆಕ್ಟರ್ ಅಂತರ್ನಿರ್ಮಿತ ಇ-ಸಿಮ್ ಅನ್ನೇ ಮಾರಾಟದ ಮುಖ್ಯ ಅಂಶವಾಗಿ ತೋರಿಸಿದವು. ಬೆಂಗಳೂರಿನ ಏಥರ್ ಸ್ಕೂಟರ್ ಮೊದಲಿನಿಂದಲೂ ಸಿಮ್ ಹೊತ್ತೇ ರಸ್ತೆಗಿಳಿದಿದೆ.

ಪಂಪ್‌ಸೆಟ್: ಹಳ್ಳಿಗಳಲ್ಲಿ ತ್ರೀ ಫೇಸ್ ಕರೆಂಟ್ ಹಲವು ಬಾರಿ ಬರುವುದು ರಾತ್ರಿ ಹೊತ್ತು. ಹಾವು, ಕತ್ತಲೆ ಎನ್ನದೆ ತೋಟಕ್ಕೆ ಹೋಗಿ ಮೋಟಾರ್ ಹಾಕಬೇಕಿದ್ದ ರೈತರಿಗೆ ಮೊಬೈಲ್ ಸ್ಟಾರ್ಟರ್ ವರವಾಯಿತು. ಪುಣೆಯಲ್ಲಿ ರೂಪುಗೊಂಡ ನ್ಯಾನೊ ಗಣೇಶ್ ಈ ಬಗೆಯ ಮೊದಲಿಗರಲ್ಲಿ ಒಂದು. ಮನೆಯಿಂದಲೇ ಕರೆ ಮಾಡಿ ಮೋಟಾರ್ ಚಾಲೂ ಮಾಡಬಹುದು, ಕರೆಂಟ್ ಇದೆಯೋ ಇಲ್ಲವೋ ತಿಳಿಯಬಹುದು.

2ಜಿಯಿಂದ ಎಲ್ಲಿಗೆ? ತಂತ್ರಜ್ಞಾನದ ಪೈಪೋಟಿ

ಆರಂಭದ ಸಾಧನಗಳು ಬಹುತೇಕ 2ಜಿಯವು. ಕಾರಣ ಸರಳ: ಅದರ ಚಿಪ್ ಅಗ್ಗ, ಎಲ್ಲ ಕಡೆ ಸಿಗ್ನಲ್ ಸಿಗುತ್ತಿತ್ತು. ಈಗ ಮೂರು ದಾರಿಗಳು ಎದುರಿಗಿವೆ.

* ಎನ್‌ಬಿ-ಐಒಟಿ: 2016ರಲ್ಲಿ ಮಾನದಂಡವಾಗಿ ಅಂತಿಮಗೊಂಡಿತು. ಕೇವಲ 200 ಕಿಲೋಹರ್ಟ್ಜ್ ಅಗಲದ ತರಂಗಪಟ್ಟಿ ಸಾಕು. ನೆಲಮಾಳಿಗೆಯ ಮೀಟರಿಗೂ ಸಿಗ್ನಲ್ ತಲುಪುತ್ತದೆ, ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ. ಆದರೆ ವೇಗ ತೀರಾ ಕಡಿಮೆ, ಧ್ವನಿ ಕರೆಯ ಸೌಲಭ್ಯವಿಲ್ಲ, ಚಲಿಸುವ ವಾಹನಕ್ಕೆ ಒಗ್ಗುವುದಿಲ್ಲ.

* 4ಜಿ ಕ್ಯಾಟ್-1 ಬಿಸ್: ಒಂದೇ ಆಂಟೆನಾ ಇರುವ ಸರಳ 4ಜಿ. ಸೆಕೆಂಡಿಗೆ 10 ಮೆಗಾಬಿಟ್‌ವರೆಗೆ ಡೌನ್‌ಲೋಡ್ ವೇಗ. ಇದಕ್ಕಾಗಿ ಬೇರೆ ಜಾಲ ಕಟ್ಟಬೇಕಿಲ್ಲ, ಈಗಿರುವ 4ಜಿ ಟವರ್ ಸಾಕು. ಸೌಂಡ್‌ಬಾಕ್ಸ್, ಟ್ರ್ಯಾಕರ್, ಮೀಟರ್‌ಗಳಲ್ಲಿ ಇದು ಮುನ್ನಡೆ ಸಾಧಿಸಲು ಈ ಒಂದು ಅನುಕೂಲವೇ ಮುಖ್ಯ ಕಾರಣ.

* ರೆಡ್‌ಕ್ಯಾಪ್: 2022ರಲ್ಲಿ ಅಂತಿಮಗೊಂಡ 5ಜಿಯ ಹಗುರ ರೂಪ. ವಾಚ್, ಕ್ಯಾಮೆರಾ, ಕಾರ್ಖಾನೆಯ ಯಂತ್ರಗಳಿಗೆ ಉದ್ದೇಶಿತ. ಬೆಲೆ ಇಳಿಯುವವರೆಗೆ ಇದು ದುಬಾರಿ ಸಾಧನಗಳಿಗಷ್ಟೇ ಸೀಮಿತ.

ಇವುಗಳ ಹೃದಯ ಎನ್ನಬಹುದಾದ ಸಂಪರ್ಕ ಮಾಡ್ಯೂಲ್‌ಗಳ ತಯಾರಿಕೆಯಲ್ಲಿ ಚೀನಾದ ಕ್ವೆಕ್ಟೆಲ್ ಜಗತ್ತಿಗೇ ಮೊದಲು. 2025ರ ಜನವರಿಯಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಆ ಕಂಪನಿಯನ್ನು ಚೀನಾ ಸೇನೆಯ ನಂಟಿರುವ ಕಂಪನಿಗಳ ಪಟ್ಟಿಗೆ ಸೇರಿಸಿತು. ಮಾಡ್ಯೂಲ್ ಎಲ್ಲಿಂದ ಬರುತ್ತದೆ ಎಂಬುದು ಅಂದಿನಿಂದ ಬೆಲೆಯ ಪ್ರಶ್ನೆಯಾಗಿ ಮಾತ್ರ ಉಳಿದಿಲ್ಲ.

ಸಿಮ್ ಬದಲಿಸುವುದು ಹೇಗೆ?

ಲಕ್ಷಾಂತರ ಮೀಟರ್‌ಗಳಿಗೆ ಒಂದು ಕಂಪನಿಯ ಸಿಮ್ ಹಾಕಿ, ಐದು ವರ್ಷದ ನಂತರ ಆ ಕಂಪನಿಯ ಸಿಗ್ನಲ್ ಸಾಲದು ಎಂದಾದರೆ? ಮನೆಮನೆಗೆ ಹೋಗಿ ಬದಲಿಸುವುದು ಅಸಾಧ್ಯದ ಮಾತು. ಇದಕ್ಕೆ ಪರಿಹಾರ ಇ-ಸಿಮ್. ಸಾಧನದೊಳಗೆ ಬೆಸುಗೆಯಾಗಿರುವ ಚಿಪ್‌ಗೆ ದೂರದಿಂದಲೇ ಬೇರೆ ಕಂಪನಿಯ ವಿವರ ತುಂಬಬಹುದು. ಯಂತ್ರಗಳಿಗಾಗಿ ಇದ್ದ ಹಳೆಯ ಇ-ಸಿಮ್ ಪದ್ಧತಿಯಲ್ಲಿ ಎರಡು ಕಂಪನಿಗಳ ವ್ಯವಸ್ಥೆಗಳನ್ನು ಮೊದಲು ಪರಸ್ಪರ ಜೋಡಿಸಬೇಕಿತ್ತು. ಈ ತೊಡಕನ್ನು ಬಿಡಿಸಲೆಂದೇ ಮೊಬೈಲ್ ಕಂಪನಿಗಳ ಜಾಗತಿಕ ಒಕ್ಕೂಟ ಜಿಎಸ್‌ಎಂಎ 2023ರಲ್ಲಿ ಎಸ್‌ಜಿಪಿ.32 ಎಂಬ ಹೊಸ ಮಾನದಂಡ ಪ್ರಕಟಿಸಿತು.

ಹಣ ಎಲ್ಲಿದೆ?

ಏರ್‌ಟೆಲ್‌ಗೆ ಒಬ್ಬ ಮೊಬೈಲ್ ಗ್ರಾಹಕನಿಂದ ತಿಂಗಳಿಗೆ ಸರಾಸರಿ 200 ರೂ.ಗೂ ಹೆಚ್ಚು ಆದಾಯವಿದೆ. ಒಂದು ಮೀಟರ್ ಅದರ ಹತ್ತಿರವೂ ಬರುವುದಿಲ್ಲ. ಒಂದು ಸಿನಿಮಾ ನೋಡಲು ಬೇಕಾಗುವ ಡೇಟಾದಲ್ಲಿ ಮೀಟರ್ ತಿಂಗಳುಗಟ್ಟಲೆ ಓದು ಕಳಿಸಬಲ್ಲದು. ಆದರೂ ಕಂಪನಿಗಳು ಇದರ ಹಿಂದೆ ಬೀಳಲು ಕಾರಣವಿದೆ. ಮೀಟರ್ ಸಿಟ್ಟು ಮಾಡಿಕೊಂಡು ಬೇರೆ ಕಂಪನಿಗೆ ಪೋರ್ಟ್ ಆಗುವುದಿಲ್ಲ. ಒಮ್ಮೆ ಸೇರಿದ ಸಂಪರ್ಕ ವರ್ಷಗಟ್ಟಲೆ ಉಳಿಯುತ್ತದೆ. ಜೊತೆಗೆ ಸಾಧನ ನಿರ್ವಹಣೆ, ಮಾಹಿತಿ ವಿಶ್ಲೇಷಣೆ, ಭದ್ರತೆ ಎಂದು ಸೇವೆಗಳನ್ನು ಮಾರುವ ಅವಕಾಶವೂ ಇದೆ.

ಜಾಲ ಸತ್ತರೆ ಸಾಧನದ ಗತಿ?

ಗ್ರಾಹಕ ಯೋಚಿಸಲೇಬೇಕಾದ ಪ್ರಶ್ನೆ ಇದು. ಫೋನನ್ನು ಮೂರ್ನಾಲ್ಕು ವರ್ಷಕ್ಕೆ ಬದಲಿಸುತ್ತೇವೆ. ಕಾರು 15 ವರ್ಷ ಓಡುತ್ತದೆ, ಮೀಟರ್ ಗೋಡೆಯ ಮೇಲೆ 10 ವರ್ಷ ಇರುತ್ತದೆ. ಅಷ್ಟರಲ್ಲಿ ಮೊಬೈಲ್ ತಂತ್ರಜ್ಞಾನದ ಒಂದು ತಲೆಮಾರೇ ನಿವೃತ್ತಿಯಾಗಬಹುದು.

ಅಮೆರಿಕದಲ್ಲಿ ಎಟಿ ಅಂಡ್ ಟಿ ಕಂಪನಿ 2022ರ ಫೆಬ್ರವರಿಯಲ್ಲಿ 3ಜಿ ನಿಲ್ಲಿಸಿದಾಗ ಬದಲಿಸದೆ ಉಳಿದಿದ್ದ ಮನೆಯ ಕಳ್ಳಗಂಟೆಗಳು, ವೃದ್ಧರ ತುರ್ತು ಕರೆ ಸಾಧನಗಳು, ಕಾರುಗಳ ಸಂಪರ್ಕ ಸೌಲಭ್ಯಗಳು ಮೂಕವಾದವು. ಯುರೋಪಿನಲ್ಲಿ ಅಪಘಾತವಾದ ಕೂಡಲೇ ಕಾರು ತಾನಾಗಿಯೇ 112ಕ್ಕೆ ಕರೆ ಮಾಡುವ ಇ-ಕಾಲ್ ವ್ಯವಸ್ಥೆ 2018ರಿಂದ ಹೊಸ ಮಾದರಿಗಳಿಗೆ ಕಡ್ಡಾಯ. ಅದು ನಿಂತಿರುವುದು 2ಜಿ, 3ಜಿ ಮೇಲೆ. ಆ ಜಾಲಗಳು ಒಂದೊಂದಾಗಿ ಮುಚ್ಚುತ್ತಿರುವುದರಿಂದ 4ಜಿ, 5ಜಿಯಲ್ಲಿ ಕೆಲಸ ಮಾಡುವ ಹೊಸ ಇ-ಕಾಲ್ ನಿಯಮ ತರಬೇಕಾಯಿತು.

ಭಾರತದಲ್ಲಿ ಏರ್‌ಟೆಲ್ 2020ರಲ್ಲಿ 3ಜಿ ನಿಲ್ಲಿಸಿತು, ಆದರೆ 2ಜಿ ಉಳಿಸಿಕೊಂಡಿತು. ಜಿಯೊ ಬಳಿ 2ಜಿ ಮೊದಲಿನಿಂದಲೂ ಇಲ್ಲ, ದೇಶ 2ಜಿ ಮುಕ್ತವಾಗಲಿ ಎಂದು ಅದು ಒತ್ತಾಯಿಸುತ್ತಲೇ ಬಂದಿದೆ. 2ಜಿ ಸ್ಟಾರ್ಟರ್‌ಗೆ ಜಿಯೊ ಸಿಮ್ ಹಾಕಿದರೆ ಮೋಟಾರ್ ಮಿಸುಕದಿರುವುದು ಇದೇ ಕಾರಣಕ್ಕೆ. 2ಜಿ ನಿಲ್ಲಿಸುವ ದಿನ ಬಂದಾಗ ನಗರದವರು ಅದನ್ನು ಗಮನಿಸದೆಯೂ ಇರಬಹುದು. ತೋಟದ ಸ್ಟಾರ್ಟರ್ ಬದಲಿಸುವ ಖರ್ಚು ಮಾತ್ರ ರೈತನ ತಲೆಗೆ ಬರುತ್ತದೆ.

ಖಾಸಗಿತನದ ಪ್ರಶ್ನೆ

ಅರ್ಧ ಗಂಟೆಗೊಮ್ಮೆ ದಾಖಲಾಗುವ ಮೀಟರ್ ಓದು ಮನೆಯಲ್ಲಿ ಜನ ಯಾವಾಗ ಇರುತ್ತಾರೆ, ಯಾವಾಗ ಇರುವುದಿಲ್ಲ ಎಂಬುದನ್ನೂ ಹೇಳಬಲ್ಲದು. ಕಾರಿನ ಟ್ರ್ಯಾಕರ್ ಮಾಲೀಕ ಹೋದಲ್ಲೆಲ್ಲ ಸಾಕ್ಷಿ. ಸಿಮ್ ದುರ್ಬಳಕೆ ತಡೆಯಲು ಎಂ2ಎಂ ಸಿಮ್‌ಗಳಿಂದ ಮೊದಲೇ ನಿಗದಿಪಡಿಸಿದ ಸಂಖ್ಯೆಗಳಿಗೆ ಮಾತ್ರ ಕರೆ, ನಿಗದಿತ ಸರ್ವರ್‌ಗಳಿಗೆ ಮಾತ್ರ ಡೇಟಾ ಹೋಗಬೇಕು ಎಂಬ ನಿಯಮವಿದೆ. ಎಂ2ಎಂ ಸೇವೆ ಕೊಡುವ ಕಂಪನಿಗಳು ದೂರಸಂಪರ್ಕ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಆದರೆ ಸರ್ವರ್ ತಲುಪಿದ ಮಾಹಿತಿ ಮುಂದೆ ಯಾರ ಕೈ ಸೇರುತ್ತದೆ ಎಂಬುದನ್ನು ಸಿಮ್ ನಿಯಮ ಕಾಯಲಾರದು.

ಕೊಳ್ಳುವ ಮುನ್ನ ಕೇಳಬೇಕಾದ ಐದು ಪ್ರಶ್ನೆಗಳು

ಊರಿನಲ್ಲಿರುವ ತಂದೆತಾಯಿಗೆ ತುರ್ತು ಕರೆಯ ವಾಚ್, ತೋಟಕ್ಕೆ 4ಜಿ ಕ್ಯಾಮೆರಾ, ಮಗುವಿನ ಶಾಲಾ ಚೀಲಕ್ಕೆ ಟ್ರ್ಯಾಕರ್ ಕೊಡಿಸುವ ಯೋಚನೆ ಮುಂಬೈ, ಪುಣೆ, ಚೆನ್ನೈನಲ್ಲಿರುವ ಹಲವರಿಗೆ ಇರುತ್ತದೆ. ಅಂಥವರು ಇಷ್ಟನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

1. ಸಾಧನ 2ಜಿಯದೋ 4ಜಿಯದೋ? ಬರೀ 2ಜಿ ಎಂದಾದರೆ ಅಗ್ಗಕ್ಕೆ ಸಿಕ್ಕರೂ ಎರಡು ಸಲ ಯೋಚಿಸಿ.

2. ಸಾಧನ ಇಡುವ ಊರಿನಲ್ಲಿ ಯಾವ ಕಂಪನಿಯ ಸಿಗ್ನಲ್ ಚೆನ್ನಾಗಿದೆ? ಕೊಳ್ಳುವವರ ನಗರದ ಸಿಗ್ನಲ್ ಲೆಕ್ಕಕ್ಕೆ ಬರುವುದಿಲ್ಲ.

3. ಸಿಮ್ ಬದಲಿಸಲು ಸಾಧ್ಯವೇ, ಅಥವಾ ಒಂದೇ ಕಂಪನಿಗೆ ಕಟ್ಟಿಹಾಕಲಾಗಿದೆಯೇ?

4. ಉಚಿತ ಸಂಪರ್ಕ ಎಷ್ಟು ವರ್ಷ? ಆಮೇಲೆ ವರ್ಷಕ್ಕೆ ಎಷ್ಟು ಕಟ್ಟಬೇಕು? ಕಟ್ಟದಿದ್ದರೆ ಯಾವ ಸೌಲಭ್ಯ ನಿಲ್ಲುತ್ತದೆ? ಕಾರು, ಸ್ಕೂಟರ್ ಕೊಳ್ಳುವವರು ಇದನ್ನು ಲಿಖಿತವಾಗಿ ಪಡೆಯಬೇಕು.

5. ಜಾಲ ಇಲ್ಲದಾಗ ಸಾಧನ ಮೂಲ ಕೆಲಸವನ್ನಾದರೂ ಮಾಡುತ್ತದೆಯೇ? ಸ್ಟಾರ್ಟರ್‌ಗೆ ಕೈಯಿಂದ ಒತ್ತುವ ಗುಂಡಿ ಇರಲೇಬೇಕು.

ಸಿಮ್ ಇರುವ ಸಾಧನ ಕೊಂಡವರು ಬರೀ ವಸ್ತುವನ್ನು ಕೊಂಡಂತಲ್ಲ. ಜಾಲ, ಕಂಪನಿ ಮತ್ತು ಚಂದಾ ಮೂರರ ಜೊತೆಗೂ ಹಲವು ವರ್ಷಗಳ ಸಂಬಂಧ ಬೆಳೆಸಿದಂತೆ. ಮೂರರಲ್ಲಿ ಒಂದು ಕೈಕೊಟ್ಟರೂ ಸ್ಮಾರ್ಟ್ ಸಾಧನ ಮತ್ತೆ ಬರೀ ಡಬ್ಬಿ.